ನಾಲ್ಕು ಶನಿವಾರದ ಅಣ್ಣಂದಿರು ನಮ್ಮ ಮಕ್ಕಳಿಗೆ ಬೇಡ

ಮೊದಲೇ ಹೇಳಿಬಿಡುತ್ತೇವೆ. ಬೆಂಗಳೂರಿನ ಕಂಪನಿಗಳ ಉದ್ಯೋಗಿಗಳು ಕೊಳಗೇರಿಯ ಹುಡುಗ ಹುಡುಗಿಯರ ಜೊತೆ ನಿಂತು ದಾರಿ ತೋರಿಸಿದರೆ ನಮ್ಮ ವಿರೋಧವೇನೂ ಇಲ್ಲ. ನಾಲ್ಕು ಶನಿವಾರ ಬಂದು, ಫೋಟೋ ತೆಗೆಸಿಕೊಂಡು, ಐದನೇ ಶನಿವಾರ ಹೇಳದೆ ಕೇಳದೆ ಮಾಯವಾಗುತ್ತಾರಲ್ಲ, ಅದಕ್ಕೆ ನಮ್ಮ ವಿರೋಧವಿದೆ. ಒಂದು ವರ್ಷ ಬರುವುದಾದರೆ ಬನ್ನಿ, ಆಗದಿದ್ದರೆ ಬರಲೇಬೇಡಿ. ಈ ಬರಹದ ಸಾರ ಇಷ್ಟೇ.

ಇದು ಬೆಂಗಳೂರಿನ ಸುದ್ದಿ, ನಮಗ್ಯಾಕೆ ಅಂತ ಫೋನ್ ಪಕ್ಕಕ್ಕಿಡಬೇಡಿ. ಐಟಿ ಪಾರ್ಕುಗಳ ಪಕ್ಕದ ಖಾಲಿ ಜಾಗಗಳಲ್ಲಿ ನೀಲಿ ತಾಡಪತ್ರಿ ಹೊದಿಸಿದ ಶೆಡ್ಡುಗಳನ್ನು ನೀವು ನೋಡಿರುತ್ತೀರಿ, ಇಲ್ಲವೇ ಅಲ್ಲಿ ಮಲಗಿ ಎದ್ದಿರುತ್ತೀರಿ. ಅಲ್ಲಿ ಇರುವವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಹೋದವರು ಬಹಳ ಮಂದಿ. ಊರಲ್ಲಿ ಮಳೆ ಕೈಕೊಟ್ಟ ವರ್ಷ ಹೋದವರು, ಮಗಳ ಮದುವೆ ಸಾಲ ತೀರಿಸಲು ಹೋದವರು, ಹೋಗಿ ಅಲ್ಲೇ ಉಳಿದವರು. ಅವರ ಮಕ್ಕಳೇ ಇಂದು ಕಂಪನಿಗಳ ವರದಿಗಳಲ್ಲಿ 'ನಗರದ ಹಿಂದುಳಿದ ಯುವಜನರು' ಎಂಬ ಹೆಸರಿನಲ್ಲಿ ಬರುವುದು. ಆ ಮಕ್ಕಳ ಹೆಸರು ನಮ್ಮ ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನೂ ಇದೆ.

ಟೀ ಶರ್ಟ್ ಹಾಕಿಕೊಂಡು ಬಂದವರು

ಕಳೆದ ವರ್ಷದ ಕೊನೆಗೆ ಒಂದು ಸುದ್ದಿಯ ಬೆನ್ನು ಹತ್ತಿ ನಾವು ಬೆಂಗಳೂರಿಗೆ ಹೋಗಿದ್ದೆವು. ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ ಬಾಗಿಲ ಹತ್ತಿರ ನಿಂತುಕೊಂಡೇ ಪ್ರಯಾಣ. ವೈಟ್‌ಫೀಲ್ಡ್ ಕಡೆಯ ಒಂದು ಶೆಡ್ ಸಾಲಿನಲ್ಲಿ ನಮ್ಮ ತಾಲ್ಲೂಕಿನ ಹತ್ತು ಹದಿನೈದು ಮನೆಗಳಿವೆ. ಗಂಡಸರು ಗಾರೆ ಕೆಲಸಕ್ಕೆ, ಹೆಂಗಸರು ಅಪಾರ್ಟ್‌ಮೆಂಟಿನ ಮನೆಗೆಲಸಕ್ಕೆ ಹೋಗುತ್ತಾರೆ.

ಅಲ್ಲಿ ಹದಿನಾರು ವರ್ಷದ ಒಬ್ಬ ಹುಡುಗ ಸಿಕ್ಕ. ಹೆಸರು ಬೇಡ. ಒಂಬತ್ತನೇ ತರಗತಿ ಮುಗಿಸಿ ಅಪ್ಪ ಅವ್ವನ ಜೊತೆ ಬಂದವನು. ಮತ್ತೆ ಶಾಲೆಗೆ ಸೇರಲಿಲ್ಲ. ನಾವು ಪತ್ರಿಕೆಯವರು ಅಂತ ತಿಳಿದ ಕೂಡಲೇ ಶೆಡ್ಡಿನೊಳಗಿನಿಂದ ಒಂದು ನೋಟ್‌ಬುಕ್ ತಂದು ತೋರಿಸಿದ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದ. ಮೊದಲ ಪುಟದಲ್ಲಿ ಕಂಪನಿಯ ಗುರುತು. ಎರಡನೇ ಪುಟದಲ್ಲಿ ಒಂದು ಪ್ರಶ್ನೆ: ಐದು ವರ್ಷದ ನಂತರ ನೀನು ಎಲ್ಲಿರುತ್ತೀಯ? ಕೆಳಗೆ ಅವನ ಅಕ್ಷರದಲ್ಲಿ ಉತ್ತರ: ಎಲೆಕ್ಟ್ರಿಷಿಯನ್.

ಫೆಬ್ರುವರಿಯಲ್ಲಿ ಒಂದು ದೊಡ್ಡ ಕಂಪನಿಯ ಉದ್ಯೋಗಿಗಳು ಒಂದು ಸ್ವಯಂಸೇವಾ ಸಂಸ್ಥೆಯ ಮೂಲಕ ಬಂದಿದ್ದರಂತೆ. ಎಲ್ಲರದೂ ಒಂದೇ ಬಣ್ಣದ ಟೀ ಶರ್ಟ್. ಒಬ್ಬೊಬ್ಬ ಹುಡುಗನಿಗೆ ಒಬ್ಬೊಬ್ಬ ಮೆಂಟರ್ ಅಂತ ಹಂಚಿದರು. ಮೆಂಟರ್ ಅಂದರೆ ಮೇಷ್ಟ್ರಲ್ಲ, ದಾನಿಯೂ ಅಲ್ಲ. ಓದು, ಕೆಲಸ, ಮನೆಯ ಕಷ್ಟ ಎಲ್ಲದರಲ್ಲೂ ಅಣ್ಣನಂತೆ, ಅಕ್ಕನಂತೆ ಜೊತೆಗೆ ನಿಲ್ಲುವವರು. ಈ ಹುಡುಗನ ಪಾಲಿಗೆ ಬಂದವನು ಕನ್ನಡ ಮಾತಾಡುವ ಯುವಕ, ಹಾಸನದ ಕಡೆಯವನು. ನಾಲ್ಕು ಶನಿವಾರ ಬಂದ. ಹುಡುಗನ ಮಾತು ಕೇಳಿದ. ಐಟಿಐ ಸೇರಬೇಕಾದರೆ ಎಸ್‌ಎಸ್‌ಎಲ್‌ಸಿ ಪಾಸಾಗಬೇಕು, ಶಾಲೆಗೆ ಹೋಗದೆಯೂ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಬಹುದು ಅಂತ ತಿಳಿಸಿದ. 'ಊರಿಂದ ಟಿಸಿ ತರಿಸೋಣ, ಅರ್ಜಿ ಕರೆದಾಗ ನಾನೇ ಕೂತು ತುಂಬಿಸ್ತೀನಿ' ಅಂತ ಮಾತು ಕೊಟ್ಟ.

ಐದನೇ ಶನಿವಾರ ಯಾರೂ ಬರಲಿಲ್ಲ. ಆರನೆಯದಕ್ಕೂ ಇಲ್ಲ. ಹುಡುಗನ ಅವ್ವನ ಫೋನಿನಲ್ಲಿ ಒಂದು ವಾಟ್ಸ್‌ಆಪ್ ಗುಂಪು ಇತ್ತು. ಅದರಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು ಅಂತ ಮಾಡಿದ್ದರು. ಕೇಳೋಣ ಅಂದರೆ ಹುಡುಗನಿಗೆ ಕೇಳುವ ದಾರಿಯೇ ಇರಲಿಲ್ಲ. ಕಾಯುತ್ತಾ ಕೂತ. ಜೂನ್ ಬಂತು, ದಸರಾ ಬಂತು. ನಾವು ಹೋಗುವ ಹೊತ್ತಿಗೆ ಅರ್ಜಿಯ ಕೊನೇ ದಿನ ದಾಟಿತ್ತು. ಒಂದು ವರ್ಷ ಹೋಯಿತು.

ಹೋದದ್ದು ವರ್ಷ ಮಾತ್ರ ಆಗಿದ್ದರೆ ನಾವು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಆ ಹುಡುಗ ನಮ್ಮನ್ನು ಕೇಳಿದ ಮಾತು ಬೇರೆ. 'ಅಣ್ಣಾರ, ನಾ ಏನಾರ ತಪ್ಪು ಮಾತಾಡೀನೇನ್ರಿ? ಕಡೀ ದಿನ ಅವರು ಫೋಟೋ ತಗಿಯೋಮುಂದ ನಾ ನಗಲಿಲ್ಲ. ಅದಕ್ಕ ಸಿಟ್ಟಾದ್ರೇನು?'

ಅವನ ಅವ್ವ ಒಲೆ ಮುಂದೆ ಕೂತವರು ತಿರುಗಿ ನೋಡದೆ ಹೇಳಿದರು: 'ದೊಡ್ಡ ಮಂದಿ ತಮ್ಮಾ. ಬಂದದ್ದ ದೊಡ್ಡದು ಅನ್ಕೋಬೇಕು.'

ಇಲ್ಲ ಯಕ್ಕಾ, ಹಂಗ ಅನ್ಕೋಬಾರದು. ಬಂದು ಮಾತು ಕೊಟ್ಟು ಹೋಗುವುದು ದೊಡ್ಡತನವಲ್ಲ.

ಯಾರನ್ನು ಕೇಳಿದರೂ ತಪ್ಪಿಲ್ಲ

ನಾವು ಫೋನ್ ಹಚ್ಚಿದೆವು. ಆ ಯುವಕನ ನಂಬರ್ ಹುಡುಕುವುದಕ್ಕೆ ಎರಡು ದಿನ ಬೇಕಾಯಿತು. ಅವನು ಕೆಟ್ಟವನಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಕಂಪನಿಯೊಳಗೆ ಅವನ ಕೆಲಸ ಬದಲಾಗಿತ್ತು, ಪುಣೆಗೆ ಹೋಗಿದ್ದ. 'ಸಂಸ್ಥೆಯವರು ಹುಡುಗನಿಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ ಸರ್' ಅಂದ. ದನಿ ಕುಗ್ಗಿತು. ಸಂಸ್ಥೆಯವರನ್ನು ಕೇಳಿದರೆ, 'ಮಾರ್ಚ್ 31ಕ್ಕೆ ಪ್ರಾಜೆಕ್ಟ್ ಮುಗಿಯಿತು, ಕಂಪನಿ ಮುಂದುವರಿಸಲಿಲ್ಲ' ಅಂದರು. ಕಂಪನಿಗೆ ಇಮೇಲ್ ಬರೆದರೆ, ಎಷ್ಟು ಉದ್ಯೋಗಿಗಳು ಎಷ್ಟು ಗಂಟೆ ಸೇವೆ ಮಾಡಿದರು ಎಂಬ ಲೆಕ್ಕವಿರುವ ಒಂದು ಚಂದದ ಕಿರುಹೊತ್ತಿಗೆ ಬಂತು. ಮುಖಪುಟದಲ್ಲಿ ನಗುವ ಮಕ್ಕಳು.

ನೋಡಿ, ಇಲ್ಲಿ ಯಾರೂ ತಪ್ಪು ಮಾಡಿಲ್ಲ. ಆದರೂ ಒಬ್ಬ ಹುಡುಗನ ವರ್ಷ ಹೋಯಿತು, ತನ್ನ ಮೇಲೆ ತನಗಿದ್ದ ನಂಬಿಕೆಯೂ ಹೋಯಿತು. ಎಲ್ಲರದೂ ಆದ ಕೆಲಸ ಯಾರದೂ ಅಲ್ಲದಾದಾಗ ಹೀಗೆಯೇ ಆಗುವುದು. ಕಂಪನಿ ಗಂಟೆಗಳನ್ನು ಎಣಿಸಿತು. ಸಂಸ್ಥೆ ಮಕ್ಕಳ ತಲೆ ಎಣಿಸಿತು. ಆ ಹುಡುಗನ ಅರ್ಜಿ ತುಂಬಿದೆಯೇ ಇಲ್ಲವೇ ಎಂದು ನೋಡುವುದು ಯಾರ ಸಂಬಳದ ಕೆಲಸವೂ ಆಗಿರಲಿಲ್ಲ.

ಕಾನೂನಿನ ನೆಪ ಹೇಳಬೇಡಿ

ಕಂಪನಿಯವರು ಇದನ್ನೆಲ್ಲ ಯಾಕೆ ಮಾಡುತ್ತಾರೆ ಅನ್ನುವುದು ನಮ್ಮ ಓದುಗರಿಗೆ ಗೊತ್ತಿರಲಿ. 2013ರ ಕಂಪನಿ ಕಾಯ್ದೆಯಲ್ಲಿ 135ನೇ ಕಲಮು ಇದೆ. ನಿವ್ವಳ ಮೌಲ್ಯ 500 ಕೋಟಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದೇ ಸಿಎಸ್‌ಆರ್. 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಶಿಕ್ಷಣ, ಉದ್ಯೋಗ ಕೌಶಲ, ಕೊಳಗೇರಿ ಅಭಿವೃದ್ಧಿ ಎಲ್ಲವೂ ಅದರ ಪಟ್ಟಿಯಲ್ಲಿವೆ. ಅಂದರೆ ಈ ದುಡ್ಡು ಕಂಪನಿಯ ಕೃಪೆಯಲ್ಲ, ಕಾನೂನಿನ ಬಾಕಿ.

ಆದರೆ ಉದ್ಯೋಗಿಗಳ ಶನಿವಾರ ಈ ಬಾಕಿಯೊಳಗೆ ಬರುವುದಿಲ್ಲ. ಉದ್ಯೋಗಿಗಳು ಕೊಟ್ಟ ಸಮಯಕ್ಕೆ ಬೆಲೆ ಕಟ್ಟಿ ಅದನ್ನು ಸಿಎಸ್‌ಆರ್ ಖರ್ಚು ಅಂತ ತೋರಿಸುವಂತಿಲ್ಲ ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನ ತನ್ನ ಪ್ರಶ್ನೋತ್ತರದಲ್ಲಿ ಸ್ಪಷ್ಟಪಡಿಸಿದೆ. ಸರಿಯಾದ ಮಾತೇ. ಇದರ ಪರಿಣಾಮ ಮಾತ್ರ ನೋಡಿ. ದುಡ್ಡು ಖರ್ಚಾಗುವ ಕಡೆ ಲೆಕ್ಕ ಪರಿಶೋಧನೆ ಇದೆ, ಮಂಡಳಿಯ ಒಪ್ಪಿಗೆ ಇದೆ, ವರದಿ ಇದೆ. ಶನಿವಾರದ ಅಣ್ಣಂದಿರ ಕೆಲಸಕ್ಕೆ ಬಿಡಿಗಾಸು ಖರ್ಚಿಲ್ಲ, ಹಾಗಾಗಿ ಹೇಳುವವರು ಕೇಳುವವರೂ ಇಲ್ಲ. ನಿಜವಾಗಿ ಕಂಪನಿಯ ಹೆಸರು ಬೆಳಗುವುದು ಮಾತ್ರ ಈ ಪುಕ್ಕಟೆ ಕೆಲಸದ ಫೋಟೋಗಳಿಂದಲೇ.

ಕೇಳಿದರೆ ಮೂರು ನೆಪ ಹೇಳುತ್ತಾರೆ. ಒಂದೊಂದಾಗಿ ನೋಡೋಣ.

ಮೊದಲನೆಯದು, 'ಮಾರ್ಚ್‌ಗೆ ಲೆಕ್ಕ ಮುಗಿಸಬೇಕು.' ಸುಳ್ಳು. ಸಿಎಸ್‌ಆರ್ ನಿಯಮಗಳಲ್ಲೇ 'ಮುಂದುವರಿಯುವ ಯೋಜನೆ' ಎಂಬ ವ್ಯವಸ್ಥೆ ಇದೆ. ಶುರುವಾದ ಹಣಕಾಸು ವರ್ಷ ಬಿಟ್ಟು ಇನ್ನೂ ಮೂರು ವರ್ಷ ಯೋಜನೆ ನಡೆಸಬಹುದು. ಆ ವರ್ಷ ಉಳಿದ ದುಡ್ಡನ್ನು ಬೇರೆ ಬ್ಯಾಂಕ್ ಖಾತೆಯಲ್ಲಿಟ್ಟು ಮುಂದೆ ಬಳಸಬಹುದು. ಮಗುವಿನ ಶಾಲೆ ಶುರುವಾಗುವುದು ಮುಂಗಾರಿನ ಹೊತ್ತಿಗೆ, ಪರೀಕ್ಷೆ ಬರುವುದು ಬೇಸಿಗೆಗೆ. ಲೆಕ್ಕದ ವರ್ಷಕ್ಕೆ ಮಗುವಿನ ವರ್ಷವನ್ನು ಕತ್ತರಿಸಿ ಅಂತ ಯಾವ ಕಾನೂನೂ ಹೇಳಿಲ್ಲ.

ಎರಡನೆಯದು, 'ಸಂಬಳ ಕೊಟ್ಟು ಸಂಯೋಜಕರನ್ನು ಇಡೋಕೆ ಆಗಲ್ಲ, ಆಡಳಿತ ವೆಚ್ಚ ಶೇ 5 ಮೀರಬಾರದು.' ಇದು ಅರ್ಧ ಸತ್ಯ. ಶೇ 5ರ ಮಿತಿ ಇರುವುದು ಕಂಪನಿಯ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತ ಖರ್ಚಿಗೆ. ಒಂದು ಯೋಜನೆಯ ಜಾರಿಗೆ, ಮೇಲ್ವಿಚಾರಣೆಗೆ ನೇರವಾಗಿ ಆಗುವ ಖರ್ಚು ಆ ಮಿತಿಯೊಳಗೆ ಬರುವುದೇ ಇಲ್ಲ. ಮಕ್ಕಳ ಜೊತೆ ಇರುವ ಸಂಯೋಜಕಿಯ ಸಂಬಳ ಯೋಜನೆಯ ಖರ್ಚೇ. ಮನಸ್ಸಿದ್ದರೆ ಕೊಡಬಹುದು.

ಮೂರನೆಯದು, 'ನಾವು ಇಂಥ ಕಾರ್ಯಕ್ರಮ ಎಷ್ಟೊಂದು ಮಾಡಿದ್ದೇವೆ.' ಒಂದು ದಿನದ ಕಾರ್ಯಕ್ರಮಗಳ ಬಗ್ಗೆ ಸಚಿವಾಲಯ 2014ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ಮ್ಯಾರಥಾನ್, ಪ್ರಶಸ್ತಿ, ಪ್ರಾಯೋಜಕತ್ವದಂಥ ಒಂದು ಸಲದ ಖರ್ಚು ಸಿಎಸ್‌ಆರ್ ಅಲ್ಲ ಅಂತ ಹೇಳಿದೆ. ಓಟದ ಪಂದ್ಯಕ್ಕೇ ಈ ಮಾತು ಅನ್ವಯವಾದರೆ, ಒಬ್ಬ ಹುಡುಗನ ಬದುಕಿಗೆ ಕೈ ಹಾಕುವವರಿಗೆ ಅನ್ವಯ ಆಗಬೇಡವೇ?

'ಏನೂ ಇಲ್ಲದ್ದಕ್ಕಿಂತ ವಾಸಿ ಅಲ್ವಾ?'

ಈ ಮಾತನ್ನು ನಮಗೆ ಎಷ್ಟು ಜನ ಹೇಳಿದ್ದಾರೋ ಲೆಕ್ಕವಿಲ್ಲ. ನಾಲ್ಕು ಶನಿವಾರವಾದರೂ ಬಂದರಲ್ಲ, ಬರದೇ ಇರುವವರಿಗಿಂತ ವಾಸಿ ಅಲ್ವಾ ಅಂತ. ವಾಸಿ ಅಲ್ಲ. ಇದಕ್ಕೆ ಪುರಾವೆ ಇದೆ. ಅದಕ್ಕಾಗಿ ಸ್ವಲ್ಪ ದೂರ, ಅಮೆರಿಕದವರೆಗೆ ಹೋಗಬೇಕು. ಏಕೆಂದರೆ ದೊಡ್ಡ ನಗರಗಳ ಬಡ ಬಡಾವಣೆಯ ಮಕ್ಕಳಿಗೆ ಮೆಂಟರ್ ಹಚ್ಚುವ ಈ ಪದ್ಧತಿ ಬೇರು ಬಿಟ್ಟದ್ದು ಅಲ್ಲಿ. ನಮ್ಮ ಕಂಪನಿಗಳು ಅಲ್ಲಿಂದಲೇ ಇದನ್ನು ತಂದವು, ತರುವಾಗ ಮುಖ್ಯವಾದದ್ದನ್ನೇ ಬಿಟ್ಟು ಬಂದವು.

1904ರಲ್ಲಿ ನ್ಯೂಯಾರ್ಕಿನ ಮಕ್ಕಳ ನ್ಯಾಯಾಲಯದಲ್ಲಿ ಅರ್ನೆಸ್ಟ್ ಕೋಲ್ಟರ್ ಎಂಬ ಗುಮಾಸ್ತ ಇದ್ದ. ದಿನಾ ಕಟಕಟೆಗೆ ಬರುವ ಹುಡುಗರನ್ನು ನೋಡಿ ನೋಡಿ, ಒಬ್ಬೊಬ್ಬ ಹುಡುಗನಿಗೆ ಒಬ್ಬೊಬ್ಬ ದೊಡ್ಡವರು ಅಣ್ಣನಂತೆ ನಿಲ್ಲಬೇಕು ಎಂದು ಜನರನ್ನು ಕೇಳಿಕೊಂಡ. ಅಲ್ಲಿಂದ ಬೆಳೆದದ್ದೇ ಇಂದಿನ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಸಂಸ್ಥೆ. ದೊಡ್ಡಣ್ಣ, ದೊಡ್ಡಕ್ಕ ಅನ್ನುವುದೇ ಅದರ ಹೆಸರು.

1990ರ ದಶಕದಲ್ಲಿ ಸಂಶೋಧಕರು ಎಂಟು ನಗರಗಳಲ್ಲಿ ಈ ಸಂಸ್ಥೆಯ ಕೆಲಸವನ್ನು ಅಳೆದರು. 10ರಿಂದ 16 ವಯಸ್ಸಿನ ಸಾವಿರಕ್ಕೂ ಹೆಚ್ಚು ಮಕ್ಕಳು. ಅರ್ಧ ಮಕ್ಕಳಿಗೆ ಮೆಂಟರ್ ಹಚ್ಚಿದರು, ಉಳಿದರ್ಧ ಮಕ್ಕಳನ್ನು ಕಾಯುವ ಪಟ್ಟಿಯಲ್ಲಿಟ್ಟರು, ಒಂದೂವರೆ ವರ್ಷದ ನಂತರ ಹೋಲಿಸಿದರು. 1995ರಲ್ಲಿ ಫಲಿತಾಂಶ ಬಂತು. ಮೆಂಟರ್ ಇದ್ದ ಮಕ್ಕಳು ಮಾದಕ ವಸ್ತು ಶುರು ಮಾಡುವ ಸಾಧ್ಯತೆ ಶೇ 46ರಷ್ಟು ಕಡಿಮೆ, ಶಾಲೆಗೆ ಚಕ್ಕರ್ ಹೊಡೆಯುವುದು ಶೇ 52ರಷ್ಟು ಕಡಿಮೆ. ಜಗತ್ತಿನ ಕಂಪನಿಗಳೆಲ್ಲ ಹೇಳುವುದು ಇಂಥ ಅಂಕಿಗಳನ್ನೇ. ಮೆಂಟರಿಂಗ್‌ನಿಂದ ಲಾಭ ಇದೆ ಅಂತ. ಹೌದು, ಇದೆ.

ಆದರೆ ಅದು ಎಂಥ ಮೆಂಟರಿಂಗ್? ತಿಂಗಳಿಗೆ ಮೂರು ಸಲದಂತೆ, ಪ್ರತಿ ಸಲ ಮೂರು ನಾಲ್ಕು ಗಂಟೆ, ಕನಿಷ್ಠ ಒಂದು ವರ್ಷ ಬರುತ್ತೇನೆ ಎಂದು ಒಪ್ಪಿಕೊಂಡವರದು. ಹಿಂದೆ ಪೂರ್ಣಾವಧಿ ಸಂಯೋಜಕರು ಇದ್ದರು. ಮಗುವನ್ನೂ ಮನೆಯವರನ್ನೂ ಮೆಂಟರನ್ನೂ ಅವರು ಬಿಡದೆ ವಿಚಾರಿಸುತ್ತಿದ್ದರು.

2002ರಲ್ಲಿ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ ಎಂಬ ಇಬ್ಬರು ಸಂಶೋಧಕಿಯರು ಅದೇ ಮಕ್ಕಳ ಮಾಹಿತಿಯನ್ನು ಇನ್ನೊಮ್ಮೆ ತೆಗೆದು ನೋಡಿದರು. ಈ ಸಲ ಕೇಳಿದ ಪ್ರಶ್ನೆ ಒಂದೇ: ಸಂಬಂಧ ಎಷ್ಟು ಕಾಲ ಉಳಿಯಿತು? ವರ್ಷ ದಾಟಿದವರಿಗೆ ಹೆಚ್ಚು ಲಾಭ. ಅವಧಿ ಕಡಿಮೆಯಾದಂತೆ ಲಾಭವೂ ಕಡಿಮೆ. ಮೂರು ತಿಂಗಳೊಳಗೆ ಕಡಿದುಹೋದ ಮಕ್ಕಳಿಗೆ ಲಾಭ ಸೊನ್ನೆಯಲ್ಲ, ನಷ್ಟ. ತಮ್ಮ ಬಗ್ಗೆ ತಮಗಿದ್ದ ಗೌರವ, ಓದಿನಲ್ಲಿ ತಮಗಿದ್ದ ವಿಶ್ವಾಸ ಎರಡೂ ಮೊದಲಿಗಿಂತ ಕೆಳಗಿಳಿದಿದ್ದವು.

ಆ ಹುಡುಗ ತಾಡಪತ್ರಿಯ ಕೆಳಗೆ ಕೂತು ನಮ್ಮನ್ನು ಕೇಳಿದ್ದು ಇದೇ ಅಲ್ಲವೇ? 'ನಾ ಏನಾರ ತಪ್ಪು ಮಾತಾಡೀನೇನ್ರಿ?' ಮೊದಲೇ ಊರು ಬಿಟ್ಟವನು, ಶಾಲೆ ಬಿಟ್ಟವನು, ಗೆಳೆಯರನ್ನು ಬಿಟ್ಟವನು. ಅಂಥವನ ಬದುಕಿಗೆ ಬಂದು ಇನ್ನೊಬ್ಬರು ಬಿಟ್ಟುಹೋದರೆ ಅವನು ದೋಷ ಹುಡುಕುವುದು ಕಂಪನಿಯಲ್ಲಿ ಅಲ್ಲ, ತನ್ನಲ್ಲಿ. ಅದಕ್ಕೇ ಹೇಳುತ್ತಿದ್ದೇವೆ, ಅರ್ಧಕ್ಕೆ ಬಿಡುವವರಿಗಿಂತ ಬರದೇ ಇರುವವರೇ ವಾಸಿ.

ಬಾಗಿಲು ತೆರೆದಿಟ್ಟ ಒಬ್ಬ ಉದ್ಯಮಿ

ದುಡ್ಡಿದ್ದವರೆಲ್ಲ ಹೀಗೆಯೇ ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಸರಿಯಾಗಿ ಮಾಡಿದವರೂ ಇದ್ದಾರೆ.

1981ರಲ್ಲಿ ಯೂಜೀನ್ ಲ್ಯಾಂಗ್ ಎಂಬ ಉದ್ಯಮಿ ತಾನು ಓದಿದ ಪ್ರಾಥಮಿಕ ಶಾಲೆಗೆ ಭಾಷಣಕ್ಕೆ ಹೋದ. ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್, ಬಡವರ ಬಡಾವಣೆ. ಎದುರಿಗೆ ಆರನೇ ತರಗತಿ ಮುಗಿಸಿದ 61 ಮಕ್ಕಳು. ಕಷ್ಟಪಟ್ಟು ಓದಿ, ಮುಂದೆ ಬನ್ನಿ ಅಂತ ಹೇಳಿ ಇಳಿಯುವ ಲೆಕ್ಕಾಚಾರ ಇತ್ತು. ಆದರೆ ಈ ಮಕ್ಕಳಲ್ಲಿ ಹೆಚ್ಚಿನವರು ಹೈಸ್ಕೂಲನ್ನೇ ಮುಗಿಸುವುದಿಲ್ಲ ಎಂಬುದು ಅವನ ಕಿವಿಗೆ ಬಿತ್ತು. ಭಾಷಣ ಬದಿಗಿಟ್ಟು ಮಾತು ಕೊಟ್ಟ: ನೀವು ಓದು ಬಿಡದೆ ಕಾಲೇಜಿನವರೆಗೆ ಬನ್ನಿ, ಶುಲ್ಕ ನನ್ನದು.

ದುಡ್ಡಿನ ಮಾತು ಅಲ್ಲಿಗೇ ನಿಂತಿದ್ದರೆ ಅದೂ ಒಂದು ಘೋಷಣೆಯಾಗಿ ಉಳಿಯುತ್ತಿತ್ತು. ಆರು ವರ್ಷದ ನಂತರ ಸಿಗುವ ದುಡ್ಡು ಇಂದಿನ ಹಸಿವಿಗೆ, ಇಂದಿನ ಜಗಳಕ್ಕೆ ಉತ್ತರವಲ್ಲ ಅಂತ ಲ್ಯಾಂಗ್‌ಗೆ ಅರ್ಥವಾಯಿತು. ಮಕ್ಕಳ ಬೆನ್ನಿಗೆ ನಿಲ್ಲಲು ಸಂಬಳ ಕೊಟ್ಟು ಪೂರ್ಣಾವಧಿ ಸಂಯೋಜಕನನ್ನು ಇಟ್ಟ. ತನ್ನ ಕಚೇರಿಯ ಬಾಗಿಲನ್ನು ಮಕ್ಕಳಿಗೆ ತೆರೆದಿಟ್ಟ. ವರ್ಷಗಟ್ಟಲೆ ಅವರ ಜೊತೆಗಿದ್ದ. ಅವರಲ್ಲಿ ಬಹುಪಾಲು ಮಕ್ಕಳು ಹೈಸ್ಕೂಲು ಮುಗಿಸಿದರು, ಅನೇಕರು ಕಾಲೇಜಿಗೆ ಹೋದರು. 'ಐ ಹ್ಯಾವ್ ಎ ಡ್ರೀಮ್' ಎಂಬ ಪ್ರತಿಷ್ಠಾನ ಅಲ್ಲಿಂದ ಹುಟ್ಟಿತು.

ಇದರಲ್ಲಿ ಗುಟ್ಟೇನೂ ಇಲ್ಲ. ನಮ್ಮ ಊರಿನ ಗೌಂಡಿಗಳಿಗೂ ಇದು ಗೊತ್ತು. ಗೌಂಡಿಯ ಕೈಕೆಳಗೆ ಸೇರಿದ ಹುಡುಗ ಮೊದಲು ಬುಟ್ಟಿ ಹೊರುತ್ತಾನೆ, ಆಮೇಲೆ ಸಿಮೆಂಟು ಕಲೆಸುತ್ತಾನೆ, ಯಾವತ್ತೋ ಒಂದು ದಿನ ಕರಣಿ ಕೈಗೆ ಬರುತ್ತದೆ. ನಾಲ್ಕು ಶನಿವಾರದಲ್ಲಿ ಯಾವ ಗೌಂಡಿಯೂ ಯಾರನ್ನೂ ಗೌಂಡಿ ಮಾಡಿಲ್ಲ. ಗೋಡೆ ಕಟ್ಟುವುದಕ್ಕೇ ವರ್ಷ ಬೇಕು ಅನ್ನುವಾಗ ಬದುಕು ಕಟ್ಟಿಕೊಳ್ಳುವುದಕ್ಕೆ?

ಜೊತೆಗಿದ್ದರೆ ಮಾತ್ರ ಕಾಣುವುದು

ವರ್ಷ ಜೊತೆಗಿದ್ದವರಿಗೆ ಮಾತ್ರ ಕಾಣುವ ಸಂಗತಿಗಳಿವೆ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದ ಬಳಿ ವಲಸೆ ಕಾರ್ಮಿಕರ ಶೆಡ್ಡುಗಳನ್ನು ನೆಲಸಮ ಮಾಡಿದರು. ಅಲ್ಲಿರುವವರು ಬಾಂಗ್ಲಾದೇಶದವರು ಎಂಬ ಮಾತು ಹಬ್ಬಿತ್ತು. ನಮ್ಮ ಉತ್ತರ ಕರ್ನಾಟಕದವರೂ ಈಶಾನ್ಯ ರಾಜ್ಯಗಳವರೂ ಗುರುತಿನ ಚೀಟಿ ಹಿಡಿದುಕೊಂಡು ಬೀದಿಯಲ್ಲಿ ನಿಂತರು. ವಿಷಯ ಹೈಕೋರ್ಟಿನವರೆಗೆ ಹೋಯಿತು. ಆ ಜಾಗದ ಸುತ್ತ ಇರುವುದು ದೊಡ್ಡ ದೊಡ್ಡ ಟೆಕ್ ಪಾರ್ಕುಗಳು.

ಅಂಥ ಶೆಡ್ಡಿನಲ್ಲಿರುವ ಹುಡುಗಿಗೆ 'ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆ' ಅಂತ ಪಾಠ ಹೇಳಿದರೆ ಏನು ಉಪಯೋಗ? ನೀರಿನ ಟ್ಯಾಂಕರ್ ಬರುವ ಹೊತ್ತಿಗೆ ಅವಳು ಅಲ್ಲಿರಬೇಕು, ತಮ್ಮನನ್ನು ನೋಡಿಕೊಳ್ಳಬೇಕು, ನಾಳೆ ಶೆಡ್ ಇರುತ್ತದೋ ಇಲ್ಲವೋ ಗೊತ್ತಿಲ್ಲ. ವರ್ಷ ಬಂದ ಅಕ್ಕನಿಗೆ ಇದು ಗೊತ್ತಾಗುತ್ತದೆ. ಶೆಡ್ ಹೋದ ದಿನ ಅವಳು ಫೋನ್ ಮಾಡುತ್ತಾಳೆ, ಹೊಸ ಜಾಗದ ಹತ್ತಿರದ ಶಾಲೆ ಯಾವುದು ಅಂತ ಹುಡುಕುತ್ತಾಳೆ. ನಾಲ್ಕು ಶನಿವಾರದ ಅಕ್ಕನಿಗೆ ಶೆಡ್ ಹೋದದ್ದೇ ಗೊತ್ತಾಗುವುದಿಲ್ಲ.

ಭಾಷಣಕ್ಕಿಂತ ಬಾಗಿಲು ಮೇಲು

ಇನ್ನೊಂದು ಮಾತು. ಈ ಕಾರ್ಯಕ್ರಮಗಳಲ್ಲಿ ಬಯೋಡೇಟಾ ಬರೆಯುವುದು, ಸಂದರ್ಶನದಲ್ಲಿ ಹೇಗೆ ಕೂರುವುದು, ಹೇಗೆ ಕೈ ಕುಲುಕುವುದು ಅಂತ ಕಲಿಸುತ್ತಾರೆ. ಕಲಿಸಲಿ. ಆದರೆ ಕಲಿಸುವ ಕಂಪನಿಯ ಗೇಟಿನೊಳಗೆ ಆ ಮಕ್ಕಳಿಗೆ ಪ್ರವೇಶ ಇದೆಯೇ?

1961ರ ಅಪ್ರೆಂಟಿಸ್ ಕಾಯ್ದೆ ಇದೆ. ಅದರ ನಿಯಮಗಳಿಗೆ 2019ರಲ್ಲಿ ತಿದ್ದುಪಡಿಯಾಯಿತು. 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 14 ವರ್ಷ ತುಂಬಿದವರು ಅಪ್ರೆಂಟಿಸ್ ಆಗಬಹುದು, ಅಪಾಯದ ಕೆಲಸಗಳಿಗೆ ಮಾತ್ರ 18. ಅಪ್ರೆಂಟಿಸ್‌ಗೆ ಪ್ರತಿ ತಿಂಗಳು ಭತ್ಯೆ ಸಿಗುತ್ತದೆ. ಕೇಂದ್ರದ ಪ್ರೋತ್ಸಾಹ ಯೋಜನೆಯಲ್ಲಿ ಅದರ ಶೇ 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮಿತಿಯಲ್ಲಿ, ಸರ್ಕಾರವೇ ಭರಿಸುತ್ತದೆ.

ದೊಡ್ಡ ಕಚೇರಿ ಕಟ್ಟಡಗಳಲ್ಲಿ ವೈರಿಂಗ್ ಇದೆ, ಏಸಿ ಇದೆ, ಲಿಫ್ಟ್ ಇದೆ, ಅಡುಗೆಮನೆ ಇದೆ, ಕಂಪ್ಯೂಟರ್ ರಿಪೇರಿ ಇದೆ. ಎಲ್ಲದಕ್ಕೂ ಕೈಗಳು ಬೇಕು. 'ಎಲೆಕ್ಟ್ರಿಷಿಯನ್' ಅಂತ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡ ಕಂಪನಿ, ತನ್ನದೇ ಕಟ್ಟಡದ ಎಲೆಕ್ಟ್ರಿಷಿಯನ್ ಜೊತೆ ಆ ಹುಡುಗನನ್ನು ಕೂರಿಸುವ ಯೋಚನೆ ಮಾಡಬಹುದಿತ್ತು. ಅಪ್ರೆಂಟಿಸ್ ಜಾಗಗಳನ್ನು ಪದವೀಧರರಿಂದಲೇ ತುಂಬಿಸಬೇಕು ಅಂತ ಕಾನೂನು ಹೇಳಿಲ್ಲ. ಅದರಲ್ಲಿ ಒಂದಿಷ್ಟನ್ನು ನೀವು ಮೆಂಟರ್ ಹಚ್ಚಿದ ಮಕ್ಕಳಿಗೇ ಇಡಿ. ಆಗ ನಿಮ್ಮ ಶನಿವಾರಕ್ಕೆ ಅರ್ಥ ಬರುತ್ತದೆ.

ನಮ್ಮದೂ ತಪ್ಪಿದೆ

ಬೈಯುವುದು ಸುಲಭ. ಇದರಲ್ಲಿ ನಮ್ಮ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಜಿಲ್ಲೆಯಲ್ಲಿ ವರದಿ ಕಳಿಸುವ ನಮ್ಮಂಥವರ ಪಾಡು ನಿಮಗೆ ಗೊತ್ತು. ಅಚ್ಚಾದ ಸುದ್ದಿಗೆ ಮಾತ್ರ ಕಾಸು. ಪೆಟ್ರೋಲು ನಮ್ಮದೇ. ಅಂಥ ಹೊತ್ತಿಗೆ ಯಾವುದೋ ಕಂಪನಿಯ ಪ್ರಚಾರದವರು ಸಿದ್ಧ ಮಾಡಿದ ಪತ್ರಿಕಾ ಹೇಳಿಕೆ, ಜೊತೆಗೆ ಬ್ಯಾನರ್ ಹಿಡಿದ ಮಕ್ಕಳ ಫೋಟೋ ಕಳಿಸುತ್ತಾರೆ. ತಲೆಬರಹವನ್ನೂ ಅವರೇ ಕೊಟ್ಟಿರುತ್ತಾರೆ. ನಮ್ಮ ಜಿಲ್ಲಾ ಕೇಂದ್ರದಲ್ಲಿ ನಡೆದ ಇಂಥ ಎಷ್ಟೋ ಕಾರ್ಯಕ್ರಮಗಳ ಸುದ್ದಿಯನ್ನು ನಾವು ಹಾಗೆಯೇ ಕಳಿಸಿದ್ದೇವೆ. 'ಯುವಜನರ ಬದುಕಿಗೆ ಹೊಸ ಬೆಳಕು' ಅಂತ ನಾವೇ ಬರೆದಿದ್ದೇವೆ. ಆರು ತಿಂಗಳ ನಂತರ ಹೋಗಿ ಆ ಬೆಳಕು ಇದೆಯೋ ಆರಿತೋ ಅಂತ ಒಮ್ಮೆಯೂ ನೋಡಲಿಲ್ಲ. ಡಿಪ್ಲೊಮಾದಲ್ಲಿ ನಮಗೆ ಮೊದಲ ತಿಂಗಳೇ ಕಲಿಸಿದ್ದು 'ಬೆನ್ನು ಹತ್ತಿದ ಸುದ್ದಿಯೇ ಸುದ್ದಿ' ಅಂತ. ಮರೆತೆವು.

ಇನ್ನು ಮುಂದೆ ಈ ಬ್ಲಾಗಿನಲ್ಲಿ ಇಂಥ ಕಾರ್ಯಕ್ರಮದ ಉದ್ಘಾಟನೆಯ ಸುದ್ದಿ ಬರುವುದಿಲ್ಲ. ಒಂದು ವರ್ಷ ತುಂಬಿದ ಸುದ್ದಿ ಇದ್ದರೆ ಹೇಳಿ, ನಾವೇ ಬರುತ್ತೇವೆ, ನಮ್ಮ ಖರ್ಚಿನಲ್ಲೇ ಬರುತ್ತೇವೆ.

ನೀವು ಕೇಳಬೇಕಾದ್ದು

ಬೆಂಗಳೂರಿನಲ್ಲಿರುವ ನಿಮ್ಮ ತಮ್ಮ, ತಂಗಿ, ಅಣ್ಣನ ಮಕ್ಕಳಿಗೆ ಈ ಬರಹವನ್ನು ಕಳಿಸಿ. ಟೀ ಶರ್ಟ್ ಹಾಕಿಕೊಂಡವರು ಶೆಡ್ಡಿನ ಹತ್ತಿರ ಬಂದರೆ ಚಹಾ ಕೊಡಿ, ಮರ್ಯಾದೆಯಿಂದ ಮಾತಾಡಿಸಿ. ಆಮೇಲೆ ಇಷ್ಟು ಕೇಳಿ.

ಎಷ್ಟು ತಿಂಗಳು ಬರುತ್ತೀರಿ? ಒಂದು ವರ್ಷಕ್ಕಿಂತ ಕಡಿಮೆ ಅಂದರೆ, 'ಹಾಗಾದರೆ ಮಕ್ಕಳಿಗೆ ಪಾಠ ಹೇಳಿಹೋಗಿ, ಅಣ್ಣ ಅಕ್ಕ ಅಂತ ಸಂಬಂಧ ಕಟ್ಟಬೇಡಿ' ಅನ್ನಿ.

ನೀವು ಬರಲಾಗದಿದ್ದರೆ ಯಾರು ಬರುತ್ತಾರೆ? ಸಂಬಳದ ಮೇಲೆ ಇರುವ ಒಬ್ಬ ಸಂಯೋಜಕರ ಹೆಸರು, ಫೋನ್ ನಂಬರ್ ಬರೆಸಿಕೊಳ್ಳಿ. ಆ ಫೋನ್ ಎತ್ತುತ್ತಾರೋ ಇಲ್ಲವೋ ಅಲ್ಲೇ ಹಚ್ಚಿ ನೋಡಿ.

ಬಿಟ್ಟು ಹೋಗುವಾಗ ಹೇಳಿ ಹೋಗುತ್ತೀರಾ? ಕೆಲಸ ಬದಲಾಗುತ್ತದೆ, ವರ್ಗವಾಗುತ್ತದೆ, ಮದುವೆಯಾಗುತ್ತದೆ, ಎಲ್ಲವೂ ಸಹಜ. ಆದರೆ ಒಂದು ದಿನ ಬಂದು, ಇಂಥ ಕಾರಣಕ್ಕೆ ಹೋಗುತ್ತಿದ್ದೇನೆ, ತಪ್ಪು ನಿನ್ನದಲ್ಲ ಅಂತ ಮಗುವಿನ ಎದುರು ಹೇಳಲೇಬೇಕು.

ಫೋಟೋ ಯಾಕೆ? ಎಲ್ಲಿ ಹಾಕುತ್ತೀರಿ? ಬೇಡ ಅನ್ನುವ ಹಕ್ಕು ಮಗುವಿಗೂ ಇದೆ, ನಿಮಗೂ ಇದೆ.

ನಿಮ್ಮ ಕಂಪನಿಯಲ್ಲಿ ಅಪ್ರೆಂಟಿಸ್ ಜಾಗ ಎಷ್ಟಿದೆ?

ಓದಿಕೊಂಡ ಹುಡುಗರು ಮನೆಯಲ್ಲಿದ್ದರೆ ಇನ್ನೊಂದು ಕೆಲಸ ಮಾಡಬಹುದು. ಸಿಎಸ್‌ಆರ್ ವ್ಯಾಪ್ತಿಯ ಕಂಪನಿಗೆ ವೆಬ್‌ಸೈಟ್ ಇದ್ದರೆ ತನ್ನ ಸಿಎಸ್‌ಆರ್ ನೀತಿಯನ್ನೂ ಒಪ್ಪಿಗೆಯಾದ ಯೋಜನೆಗಳನ್ನೂ ಅದರಲ್ಲಿ ಹಾಕಲೇಬೇಕು. ಕೇಂದ್ರ ಸರ್ಕಾರದ ಸಿಎಸ್‌ಆರ್ ಪೋರ್ಟಲ್‌ನಲ್ಲೂ ಯಾವ ಕಂಪನಿ ಯಾವ ರಾಜ್ಯದಲ್ಲಿ ಎಷ್ಟು ಖರ್ಚು ಮಾಡಿದೆ ಅಂತ ನೋಡಬಹುದು. ಫೋನಿನಲ್ಲೇ ತೆರೆಯುತ್ತದೆ. ನಮ್ಮ ಮಕ್ಕಳ ಫೋಟೋ ಹಾಕಿದ ಕಂಪನಿ ನಮ್ಮ ಮಕ್ಕಳಿಗಾಗಿ ಏನು ಖರ್ಚು ಮಾಡಿದೆ ಅಂತ ಕೇಳುವುದು ತಪ್ಪಲ್ಲ.

ಕೊನೆಗೆ ಆ ಹುಡುಗನ ಮಾತು. ಊರಿಗೆ ಬಂದ ವಾರ ನಾವು ಅವನ ಶಾಲೆಗೆ ಹೋದೆವು. ಮುಖ್ಯ ಶಿಕ್ಷಕರು ಹಳೇ ರಿಜಿಸ್ಟರ್ ತೆಗೆಸಿದರು. ಅವನ ಅಪ್ಪ ಜಾತ್ರೆಗೆ ಬಂದಾಗ ಸಹಿ ಹಾಕಿ ಟಿಸಿ ಪಡೆದುಕೊಂಡರು. ನಮ್ಮ ಪಾಲಿಗೆ ಬಂದದ್ದು ಅರ್ಧ ದಿನ ಮತ್ತು ಎರಡು ಫೋನ್ ಕರೆ. ನಾವೇನೋ ಸಾಧಿಸಿದೆವು ಅಂತ ಇದನ್ನು ಹೇಳುತ್ತಿಲ್ಲ. ಒಂದು ವರ್ಷ ಕಳೆದುಕೊಂಡ ಹುಡುಗನಿಗೆ ಬೇಕಾಗಿದ್ದದ್ದು ಇಷ್ಟೇ ಇತ್ತು ಅಂತ ಹೇಳುತ್ತಿದ್ದೇವೆ. ಇಷ್ಟು ಮಾಡಲು ದೊಡ್ಡ ಕಂಪನಿಯೇನೂ ಬೇಕಿರಲಿಲ್ಲ, ಬಿಡದೆ ವಿಚಾರಿಸುವ ಒಬ್ಬರು ಬೇಕಿತ್ತು.

ಮುಂದಿನ ಅರ್ಜಿ ಕರೆದ ದಿನ ಅವನಿಗೆ ಫೋನ್ ಮಾಡುತ್ತೇವೆ ಅಂತ ನಾವು ಮಾತು ಕೊಟ್ಟಿದ್ದೇವೆ. ಮಾತು ತಪ್ಪಿದರೆ ಇದೇ ಜಾಗದಲ್ಲಿ ನಮ್ಮನ್ನು ಬೈಯಿರಿ.